ಋತುವರಿತು ತೋಟ ನೋಡುವ ಕ್ರಮ
(ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ಒಂದು ಪಾಠ)

ತೋಟವನ್ನು ನೋಡಿ ಬರುವುದು ವ್ಯವಸಾಯಗಾರನಿಗೆ ಒಂದು ವಿದ್ಯೆ. ಪುಸ್ತಕವನ್ನೋದಿ ತಿಳಿಯಲಾಗದ ಎಷ್ಟೋ ವಿಷಯಗಳನ್ನು, ಚೆನ್ನಾಗಿ ಸಾಗಿಸಿದ ಒಂದು ತೋಟದಲ್ಲಿ ಅರ್ಧ ದಿವಸ ತಿರುಗಾಡಿದರೆ ತಿಳಿಯಬಹುದು. ಆದರೆ ಯಾವ ತಿಂಗಳಿನಲ್ಲಿ ನೋಡಿದೆವು, ಯಾರು ತೋರಿಸಿದರು, ಏನನ್ನು ಕೇಳಿದೆವು ಎಂಬ ಮೂರು ಸಂಗತಿಗಳ ಮೇಲೆ ಆ ನೋಟದ ಫಲವೆಲ್ಲವೂ ನಿಂತಿರುತ್ತದೆ. ಇವುಗಳನ್ನು ಗಮನಿಸದೆ ನೋಡಿ ಬಂದವನು ಕೆಲವು ವೇಳೆ ನೋಡದೆ ಇದ್ದವನಿಗಿಂತಲೂ ಹೆಚ್ಚಿನ ನಷ್ಟಕ್ಕೆ ಗುರಿಯಾಗುವುದುಂಟು. ಜಪಾನ್ ದೇಶದಲ್ಲಿ ಹಳೆಯ ತೋಟಗಳನ್ನು ಋತುವಿಗೊಂದು ಸಾರಿ, ತಿಳಿದವರ ಜೊತೆಯಲ್ಲಿ ನೋಡುವ ಪದ್ಧತಿಯು ಬಹುಕಾಲದಿಂದ ಬೆಳೆದು ಬಂದಿದೆ. ಆ ಪದ್ಧತಿಯ ಸಾರವನ್ನೂ, ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಅದಕ್ಕೆ ಹೋಲುವ ಅಂಶಗಳನ್ನೂ ಇಲ್ಲಿ ವಿವರಿಸಿ, ಹವಳಗಾ ಮೊದಲಾದ ಭೀಮಾತೀರದ ಗ್ರಾಮಗಳಿಗೆ ಅದನ್ನು ಅನ್ವಯಿಸುವ ಬಗೆಯನ್ನು ಕೊನೆಯಲ್ಲಿ ಹೇಳಲಾಗುವುದು.

1. ನೋಟದಲ್ಲಿ ಸಂಭವಿಸುವ ತಪ್ಪು

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಬಹುಭಾಗವು ಎರೆಭೂಮಿಯೆಂಬುದು ವಾಚಕರಿಗೆ ವಿದಿತವಾಗಿಯೇ ಇದೆ. ಈ ಮಣ್ಣು ಮಳೆಗಾಲದಲ್ಲಿ ನೀರನ್ನು ಕುಡಿದು ಉಬ್ಬುತ್ತದೆ. ನೀರು ಬೇಗನೆ ಬಸಿದುಹೋಗುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಕುಗ್ಗಿ ಆಳವಾದ ಬಿರುಕುಗಳನ್ನು ಬಿಡುತ್ತದೆ. ಆಗ ಎಳೆಯ ಗಿಡಗಳ ಸಣ್ಣ ಬೇರುಗಳು ಹರಿದುಹೋಗುತ್ತವೆ. ವೈಶಾಖ ಮಾಸದಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು ಸಾಮಾನ್ಯ. ಆದುದರಿಂದ ಇಲ್ಲಿ ನೆಟ್ಟ ಹಣ್ಣಿನ ಗಿಡಕ್ಕೆ ವರ್ಷದಲ್ಲಿ ಎರಡು ಗಂಡಾಂತರಗಳುಂಟು: ಭಾದ್ರಪದದಲ್ಲಿ ಬೇರಿಗೆ ನೀರು ನಿಲ್ಲುವುದು ಒಂದು, ವೈಶಾಖದಲ್ಲಿ ನೀರು ಸಾಲದಿರುವುದು ಮತ್ತೊಂದು.

ಈಗ ಒಬ್ಬ ಭೂಮಾಲೀಕನು ಮಾಘಮಾಸದಲ್ಲಿ ಪರಸ್ಥಳದ ಒಂದು ತೋಟವನ್ನು ನೋಡುತ್ತಾನೆಂದು ಇಟ್ಟುಕೊಳ್ಳೋಣ. ಹವೆ ತಂಪಾಗಿರುತ್ತದೆ, ಗಿಡಗಳು ಹೂವಿನಿಂದಲೋ ಕಾಯಿಯಿಂದಲೋ ತುಂಬಿರುತ್ತವೆ, ಬಾವಿಯಲ್ಲಿ ನೀರಿರುತ್ತದೆ. ಮೇಲೆ ಹೇಳಿದ ಎರಡು ಗಂಡಾಂತರಗಳಲ್ಲಿ ಒಂದಾದರೂ ಅವನ ಕಣ್ಣಿಗೆ ಬೀಳುವುದಿಲ್ಲ. ಅವನು ಸಂತೋಷಗೊಂಡು ಮುಂದಿನ ಆಷಾಢದಲ್ಲಿ ನೂರಾರು ಸಸಿಗಳನ್ನು ಕೊಂಡು ತನ್ನ ಎರೆಹೊಲದಲ್ಲಿ ನೆಡಿಸುತ್ತಾನೆ. ಮಳೆಯಲ್ಲಿ ಕೆಲವು ಕೊಳೆತು, ಬೇಸಿಗೆಯಲ್ಲಿ ಮಿಕ್ಕವು ಒಣಗಿದರೆ ಸಸಿಯ ಹಣ, ಕುಣಿ ತೋಡಿಸಿದ ಕೂಲಿ, ಒಂದು ವರ್ಷದ ತೊಗರಿ ಬೆಳೆ, ಈ ಮೂರೂ ಹೋದಂತಾಯಿತು. ಇದಕ್ಕಿಂತ ದೊಡ್ಡ ಹಾನಿಯೆಂದರೆ, ‘ನಮ್ಮ ನೆಲಕ್ಕೆ ತೋಟ ಒಗ್ಗುವುದಿಲ್ಲ’ ಎಂಬ ಮಾತು ಊರಿನಲ್ಲಿ ಹಬ್ಬಿ, ನೆರೆಹೊರೆಯ ಸಣ್ಣ ಹಿಡುವಳಿಯವರೂ ಆ ಪ್ರಯತ್ನವನ್ನು ಕೈಬಿಡುವುದು. ಇಲ್ಲಿ ನೆಲದ ದೋಷಕ್ಕಿಂತ ನೋಟದ ದೋಷವೇ ಹೆಚ್ಚಿನದು.

2. ಜಪಾನಿನವರು ತೋಟವನ್ನು ನೋಡುವ ರೀತಿ

ಜಪಾನಿನ ಹಳೆಯ ತೋಟಗಳಲ್ಲಿ ಕಲ್ಲು, ನೀರು, ಪಾಚಿ, ಮರ ಇವೇ ಮುಖ್ಯ. ಹೂವಿನ ಪಾತಿಗಳು ಕಡಿಮೆ. ದೊಡ್ಡ ತೋಟಗಳಲ್ಲಿ ಕೊಳವೊಂದನ್ನು ನಡುವೆ ಇಟ್ಟು, ಅದರ ಸುತ್ತ ದಾರಿಯನ್ನು ತಿರುಗಿಸಿ, ಹೆಜ್ಜೆಹೆಜ್ಜೆಗೆ ನೋಟವು ಬದಲಾಗುವಂತೆ ಏರ್ಪಡಿಸಿರುತ್ತಾರೆ. ಅಲ್ಲಿಯ ಜನರು ಒಂದೇ ತೋಟಕ್ಕೆ ವರ್ಷದಲ್ಲಿ ಹಲವು ಸಾರಿ ಹೋಗುವುದು ರೂಢಿ. ಫೆಬ್ರವರಿ ಮತ್ತು ಮಾರ್ಚಿಯಲ್ಲಿ ‘ಉಮೆ’ ಎಂಬ ಹುಳಿಹಣ್ಣಿನ ಮರದ ಹೂವು, ಏಪ್ರಿಲಿನ ಸುಮಾರಿಗೆ ‘ಸಕುರಾ’ ಎಂಬ ಚೆರಿ ಮರದ ಹೂವು, ಜೂನಿನ ಮಳೆಯಲ್ಲಿ ನೀರಂಚಿನ ಐರಿಸ್ ಹೂವು, ಜುಲೈಯಲ್ಲಿ ತಾವರೆ, ನವೆಂಬರಿನಲ್ಲಿ ಕೆಂಪೇರಿದ ಮೇಪಲ್ ಮರದ ಎಲೆ, ಚಳಿಗಾಲದಲ್ಲಿ ಹಿಮ ಹೊತ್ತ ಪೈನ್ ಮರ, ಹೀಗೆ ಒಂದೊಂದು ಋತುವಿಗೆ ಒಂದೊಂದು ದರ್ಶನವುಂಟು. ಹೂವಿಲ್ಲದ ಕಾಲವೂ ಅವರ ಲೆಕ್ಕದಲ್ಲಿ ನೋಡತಕ್ಕ ಕಾಲವೇ ಆಗಿರುತ್ತದೆ.

ನೋಡುವವರನ್ನು ನಡೆಸುವ ವಿಷಯದಲ್ಲಿಯೂ ಅಲ್ಲಿ ಕಟ್ಟುಪಾಡುಗಳುಂಟು. ಕ್ಯೋಟೊ ನಗರದ ಕತ್ಸುರಾ ಎಂಬ ಅರಮನೆಯ ತೋಟವನ್ನು ಮೊದಲೇ ಅರ್ಜಿಯಿಂದ ವೇಳೆಯನ್ನು ಗೊತ್ತುಮಾಡಿಕೊಂಡು, ಮಾರ್ಗದರ್ಶಕನ ಹಿಂದೆ ಗುಂಪಾಗಿ ನಡೆದು ನೋಡತಕ್ಕದ್ದು. ಅದೇ ನಗರದ ಸೈಹೊ-ಜಿ ಎಂಬ ಬೌದ್ಧ ಮಂದಿರದ ತೋಟವು ನೆಲವನ್ನೆಲ್ಲ ಮುಚ್ಚಿದ ಹಸುರು ಪಾಚಿಗೆ ಹೆಸರಾದುದು. ಜನಸಂದಣಿಯಿಂದ ಕೆಡುಕಾಗುತ್ತದೆಂದು ಕಂಡುಬಂದುದರಿಂದ 1977ರಿಂದ ಮುಂಚಿತವಾಗಿ ಬರೆದು ಅನುಮತಿ ಪಡೆದವರನ್ನು ಮಾತ್ರ ಅಲ್ಲಿಗೆ ಬಿಡುತ್ತಾರೆ. ಟೋಕಿಯೊ ನಗರದ ಸಾರ್ವಜನಿಕ ತೋಟಗಳಲ್ಲಿ ಕೆಲವು ಗೊತ್ತಾದ ದಿನಗಳಂದು ಸ್ವಯಂಸೇವಕರು ಬಂದವರಿಗೆ ತೋಟವನ್ನು ತೋರಿಸಿ ವಿವರಿಸುತ್ತಾರೆ. ಕವಲುದಾರಿಯ ಬಾಯಲ್ಲಿ ಕಪ್ಪು ಹಗ್ಗದಿಂದ ಕಟ್ಟಿದ ಮುಷ್ಟಿಗಾತ್ರದ ಕಲ್ಲೊಂದನ್ನು ಇಟ್ಟಿದ್ದರೆ ಆ ಕಡೆಗೆ ಹೋಗಬಾರದೆಂದು ಅರ್ಥ. ಬೇಲಿಯಿಲ್ಲದೆ, ಫಲಕವಿಲ್ಲದೆ, ಆ ಕಲ್ಲೊಂದರಿಂದಲೇ ಜನರು ಹಿಂದಿರುಗುತ್ತಾರೆ. ತೋಟವನ್ನು ನೋಡುವುದಕ್ಕೂ ಒಂದು ಶಿಸ್ತು ಬೇಕೆಂಬುದನ್ನು ಇದರಿಂದ ತಿಳಿಯಬಹುದು.

3. ಹೂವಿಲ್ಲದ ತಿಂಗಳುಗಳ ಕೆಲಸ

ಕನಜಾವಾ ಎಂಬ ಊರಿನಲ್ಲಿ ಕೆನ್ರೊಕು-ಎನ್ ಎಂಬ ಪ್ರಸಿದ್ಧವಾದ ತೋಟವುಂಟು. ಆ ಊರಿನಲ್ಲಿ ಬೀಳುವ ಹಿಮವು ಒದ್ದೆಯಾಗಿ ಭಾರವಾಗಿರುವುದರಿಂದ ಮರಗಳ ಕೊಂಬೆಗಳು ಮುರಿಯುವ ಭಯವಿದೆ. ಅದಕ್ಕಾಗಿ ಪ್ರತಿವರ್ಷವೂ ನವೆಂಬರ್ 1ನೆಯ ತಾರೀಖಿನಿಂದ ಮರದ ನಡುವೆ ಎತ್ತರವಾದ ಕಂಬವನ್ನು ನಿಲ್ಲಿಸಿ, ಅದರ ತುದಿಯಿಂದ ಹಗ್ಗಗಳನ್ನು ಇಳಿಬಿಟ್ಟು, ಒಂದೊಂದು ಕೊಂಬೆಯನ್ನೂ ಎತ್ತಿ ಕಟ್ಟುತ್ತಾರೆ. ದೂರದಿಂದ ನೋಡಿದರೆ ಮರದ ಮೇಲೆ ಹಗ್ಗದ ಗುಡಾರವನ್ನು ಹಾಕಿದಂತೆ ಕಾಣುತ್ತದೆ. ಹಿಮ ಬೀಳುವುದಕ್ಕಿಂತ ಮುಂಚೆಯೇ ಮಾಡತಕ್ಕ ಈ ಕೆಲಸವನ್ನು ನೋಡುವುದಕ್ಕೂ ಜನರು ಬರುತ್ತಾರೆ. ವಸಂತದಲ್ಲಿ ಮಾತ್ರ ಬಂದವನಿಗೆ ಮುರಿಯದ ಕೊಂಬೆಗಳು ಕಾಣುತ್ತವೆ. ಅವು ಮುರಿಯದೆ ಉಳಿದುದು ಹೇಗೆಂಬುದು ಕಾಣುವುದಿಲ್ಲ.

ಇನ್ನೊಂದು ಹಳೆಯ ರೂಢಿಯು ನಮ್ಮ ರೈತರ ವಿಚಾರಕ್ಕೆ ವಿಶೇಷವಾಗಿ ಯೋಗ್ಯವಾದುದು. ಚಳಿಗಾಲದ ಮೊದಲಲ್ಲಿ ಪೈನ್ ಮರಗಳ ಬೊಡ್ಡೆಗೆ ಹುಲ್ಲಿನ ಚಾಪೆಯನ್ನು ಸುತ್ತುತ್ತಾರೆ. ಎಲೆ ತಿನ್ನುವ ಹುಳುಗಳು ಬೆಚ್ಚಗಿನ ಸ್ಥಳವನ್ನು ಹುಡುಕಿ ಆ ಚಾಪೆಯೊಳಗೆ ಸೇರುತ್ತವೆಂದೂ, ವಸಂತದ ಮೊದಲಲ್ಲಿ ಚಾಪೆಯನ್ನು ಬಿಚ್ಚಿ ಸುಟ್ಟರೆ ಹುಳುಗಳು ನಾಶವಾಗುತ್ತವೆಂದೂ ನಂಬಿಕೆ. ಹಿಮೇಜಿ ಎಂಬ ಕೋಟೆಯಲ್ಲಿ ಬಿಚ್ಚಿದ ಚಾಪೆಗಳೊಳಗಿನ ಜೀವಿಗಳನ್ನು ಪರೀಕ್ಷಿಸಿ ನೋಡಿದಾಗ, ಪೈನ್ ಮರಕ್ಕೆ ಕೇಡುಮಾಡುವ ಹುಳುಗಳು ಕೆಲವೇ ಇದ್ದು, ಅವುಗಳನ್ನು ಹಿಡಿದು ತಿನ್ನುವ ಜೇಡಗಳು ಮೊದಲಾದ ಉಪಕಾರಿ ಜೀವಿಗಳೇ ಬಹಳವಾಗಿದ್ದುವು. ಹೀಗೆ ಮಿತ್ರರನ್ನೇ ಸುಟ್ಟಂತಾಗುತ್ತದೆಂದು ಕಂಡುದರಿಂದ ಅಲ್ಲಿ ಆ ರೂಢಿಯನ್ನು ಬಿಟ್ಟರು. ಬೇರೆ ಕೆಲವು ತೋಟಗಳಲ್ಲಿ ಅದು ಚಳಿಗಾಲದ ಶೋಭೆಯೆಂದು ನಡೆದುಬಂದಿದೆ. ಪರಸ್ಥಳದಲ್ಲಿ ಕಂಡ ಪದ್ಧತಿಯನ್ನು ಅದು ಹಳೆಯದೆಂಬ ಕಾರಣದಿಂದಲೇ ಹಿಡಿಯಬಾರದು, ಬಿಡಲೂ ಬಾರದು. ಬಿಚ್ಚಿ ಒಳಗೆ ನೋಡಬೇಕು. ನಮ್ಮ ಬದುಗಳ ಕಸವನ್ನು ಬೆಂಕಿಗೆ ಹಾಕುವ ಮುಂಚೆಯೂ ಈ ವಿಚಾರ ಅವಶ್ಯ.

4. ದೊರೆಯ ತೋಟದಲ್ಲಿ ಭತ್ತದ ಗದ್ದೆ

ಜಪಾನಿನ ತೋಟಗಳೆಲ್ಲವೂ ಕೇವಲ ವಿಲಾಸಕ್ಕಾಗಿ ಆದುವೆಂದು ತಿಳಿಯಬಾರದು. ಟೋಕಿಯೊ ನಗರದ ಕೊಇಶಿಕಾವಾ ಕೊರಾಕು-ಎನ್ ತೋಟವನ್ನು 1629ರಲ್ಲಿ ತೊಕುಗಾವಾ ಮನೆತನದ ಯೊರಿಫುಸಾ ಎಂಬ ದೊರೆಯು ಆರಂಭಿಸಿದನು. ಅವನ ಮಗ ಮಿತ್ಸುಕುನಿಯು ಪೂರ್ಣಗೊಳಿಸಿದನು. ಈ ತೋಟದ ಒಂದು ಮೂಲೆಯಲ್ಲಿ ಭತ್ತದ ಗದ್ದೆಯಿದೆ. ರೈತರ ಕಷ್ಟವು ಎಂತಹುದೆಂಬುದನ್ನು ತನ್ನ ಮನೆಗೆ ಸೊಸೆಯಾಗಿ ಬಂದ ಅರಸುಮಗಳಿಗೆ ತೋರಿಸುವುದಕ್ಕಾಗಿ ಮಿತ್ಸುಕುನಿಯು ಅದನ್ನು ಮಾಡಿಸಿದನೆಂದು ಹೇಳುತ್ತಾರೆ. ಈಗಲೂ ಅಲ್ಲಿ ಶಾಲೆಯ ಮಕ್ಕಳು ಮೇ ತಿಂಗಳಿನಲ್ಲಿ ನಾಟಿ ಮಾಡಿ, ಸೆಪ್ಟೆಂಬರಿನಲ್ಲಿ ಕುಯ್ಲು ಮಾಡುತ್ತಾರೆ. ಒಕಾಯಾಮಾ ಎಂಬಲ್ಲಿ 1700ರಲ್ಲಿ ಪೂರ್ಣವಾದ ಕೊರಾಕು-ಎನ್ ತೋಟದೊಳಗೂ ಭತ್ತದ ಗದ್ದೆ ಮತ್ತು ಚಹದ ತೋಪು ಇವೆ. ಚಹದ ಚಿಗುರು ಕೀಳುವುದೂ ಭತ್ತದ ನಾಟಿಯೂ ಅಲ್ಲಿ ಋತುವಿನ ಉತ್ಸವಗಳಾಗಿ ನಡೆಯುತ್ತವೆ.

ಮಿತೊ ಎಂಬ ಊರಿನ ಕೈರಾಕು-ಎನ್ ತೋಟವು 1842ರಲ್ಲಿ ತೊಕುಗಾವಾ ನಾರಿಯಾಕಿ ಎಂಬ ದೊರೆಯಿಂದ ಸ್ಥಾಪಿತವಾಯಿತು. ‘ಜನರೊಡನೆ ಕೂಡಿ ಸಂತೋಷಪಡುವ ತೋಟ’ ಎಂಬುದು ಆ ಹೆಸರಿನ ಭಾವ. ಗೊತ್ತಾದ ದಿನಗಳಲ್ಲಿ ಸಾಮಾನ್ಯ ಪ್ರಜೆಗಳಿಗೂ ಅಲ್ಲಿ ಪ್ರವೇಶವಿತ್ತು. ಅಲ್ಲಿ ಸುಮಾರು 100 ಜಾತಿಯ 3,000 ಉಮೆ ಮರಗಳಿವೆ. ಆ ಮರದ ಹೂವು ಕಣ್ಣಿಗೆ ಹಬ್ಬ; ಅದರ ಹಣ್ಣನ್ನು ಉಪ್ಪಿನಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಕೆಡದೆ ಉಳಿದು ಬರಗಾಲಕ್ಕೂ ದಂಡಿಗೂ ಒದಗುತ್ತದೆ. ಹೀಗೆ ಉಪಯೋಗವನ್ನೂ ಸೊಬಗನ್ನೂ ಒಂದೇ ಮರದಲ್ಲಿ ಕೂಡಿಸಿದ ಈ ದೃಷ್ಟಿಯನ್ನು ನಮ್ಮ ಗ್ರಾಮದ ಹಿರಿಯರು ಗಮನಿಸಬೇಕು. ಬಾವಿಯ ಬಳಿಯ ನುಗ್ಗೆ, ಕರಿಬೇವು, ಬದುವಿನ ಹುಣಸೆ, ಬೇವು ಇವೂ ಈ ಬಗೆಯ ಮರಗಳೇ.

5. ನಮ್ಮ ರಾಜ್ಯದ ಲಾಲ್‌ಬಾಗು

ನಮ್ಮ ರಾಜ್ಯದಲ್ಲಿ ಈ ರೀತಿಯ ದರ್ಶನಕ್ಕೆ ಹೆಸರಾದ ಸ್ಥಳವೆಂದರೆ ಬೆಂಗಳೂರಿನ ಲಾಲ್‌ಬಾಗು. 1760ರಲ್ಲಿ ಹೈದರ್ ಅಲಿಯು ಇದನ್ನು ಆರಂಭಿಸಿದನು. ಟಿಪ್ಪು ಸುಲ್ತಾನನು ಹೊರದೇಶಗಳಿಂದ ಗಿಡಗಳನ್ನೂ ಬೀಜಗಳನ್ನೂ ತರಿಸಿ ಬೆಳೆಸಿದನು. 1856ರಲ್ಲಿ ಇದು ಸರ್ಕಾರಿ ಸಸ್ಯತೋಟವಾಯಿತು. ಈಗ ಇದರ ವಿಸ್ತೀರ್ಣ ಸುಮಾರು 240 ಎಕರೆ. ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಹಾಕಿದರು. ಪ್ರತಿವರ್ಷ ಎರಡು ಸಾರಿ, ಅಂದರೆ ಜನವರಿಯಲ್ಲಿ ಗಣರಾಜ್ಯ ದಿನದ ಸುಮಾರಿಗೂ ಆಗಸ್ಟಿನಲ್ಲಿ ಸ್ವಾತಂತ್ರ್ಯ ದಿನದ ಸುಮಾರಿಗೂ, ಅಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ.

ಈ ಪ್ರದರ್ಶನಗಳು ನೋಡತಕ್ಕವೇ ಸರಿ. ಆದರೆ ಗಾಜಿನ ಮನೆಯೊಳಗೆ ಕಾಣುವ ಹೂಗಿಡಗಳನ್ನು ಹಲವು ತಿಂಗಳ ಮುಂಚಿನಿಂದ ಕುಂಡಗಳಲ್ಲಿ ಸಾಕಿ, ಆ ದಿನಗಳಿಗೆ ಸರಿಯಾಗಿ ಹೂ ಬಿಡುವಂತೆ ಅಣಿಮಾಡಿ ತಂದಿಟ್ಟಿರುತ್ತಾರೆಂಬುದನ್ನು ನೋಡುವವನು ಮರೆಯಬಾರದು. ವ್ಯವಸಾಯಗಾರನಿಗೆ ಪಾಠವಿರುವುದು ಹೊರಗಿನ ಮರಗಳಲ್ಲಿ. 1874ರಿಂದ 1908ರವರೆಗೆ ಅಲ್ಲಿ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ ಎಂಬವರ ಕಾಲದಲ್ಲಿ ಪರದೇಶದ ಅನೇಕ ಉಪಯುಕ್ತ ಸಸ್ಯಗಳನ್ನು ತರಿಸಿ ಒಗ್ಗಿಸಿ ನೋಡಿದರು. ಇಂದು ಮನೆಮಾತಾಗಿರುವ ಸೀಮೆಬದನೆಯೂ ಅವರ ಮೂಲಕವೇ ಬಂದಿತೆಂದು ಹೇಳುತ್ತಾರೆ. ಅವರ ತರುವಾಯ 1908ರಿಂದ 1932ರವರೆಗೆ ಇದ್ದ ಕ್ರುಂಬಿಗಲ್ ಎಂಬವರು ಒಂದು ಜಾತಿಯ ಮರದ ಹೂವು ಮುಗಿಯುವ ವೇಳೆಗೆ ಮತ್ತೊಂದು ಜಾತಿಯು ಹೂ ಬಿಡುವಂತೆ ಯೋಚಿಸಿ, ಬೆಂಗಳೂರಿನ ರಸ್ತೆಗಳ ಬದಿಯಲ್ಲಿ ಸಾಲುಮರಗಳನ್ನು ಹಾಕಿಸಿದರು. ವರ್ಷದ ಹನ್ನೆರಡು ತಿಂಗಳನ್ನೂ ಮೊದಲೇ ಕಣ್ಣಮುಂದೆ ಇಟ್ಟುಕೊಂಡು ನೆಡುವ ಈ ಕ್ರಮವು ಹೂವಿಗೆ ಹೇಗೋ ಹಾಗೆಯೇ ಹಣ್ಣಿಗೂ ಮೇವಿಗೂ ಅನ್ವಯಿಸುತ್ತದೆ.

ಬೆಂಗಳೂರಿನ ಹವೆ ತಂಪು, ಮಣ್ಣು ಕೆಂಪು. ಅಲ್ಲಿ ಚೆನ್ನಾಗಿ ಬಂದುದು ಹವಳಗೆಯ ಎರೆಯಲ್ಲಿಯೂ ಬರುವುದೆಂದು ಹೇಳಲಾಗದು. ಆದುದರಿಂದ ಲಾಲ್‌ಬಾಗಿನಿಂದ ನೋಡುವ ಕ್ರಮವನ್ನು ಕಲಿಯತಕ್ಕದ್ದು. ನೆಡತಕ್ಕ ಗಿಡವನ್ನು ನಮ್ಮ ಮಣ್ಣಿನಲ್ಲಿಯೇ ಬೆಳೆದ ತೋಟಗಳಿಂದ ಆರಿಸತಕ್ಕದ್ದು.

6. ನಮ್ಮ ಸೀಮೆಯಲ್ಲಿ ವರ್ಷಕ್ಕೆ ನಾಲ್ಕು ದರ್ಶನಗಳು

ನಮ್ಮ ಸೀಮೆಯವರು ನೋಡತಕ್ಕ ಸ್ಥಳಗಳು ಹತ್ತಿರದಲ್ಲಿಯೇ ಇವೆ. ಕಲಬುರಗಿಯಲ್ಲಿ ಆಳಂದ ರಸ್ತೆಯ ಮೇಲೆ ಕೃಷಿ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಅಫಜಲಪುರದ ನೆರೆಯ ಇಂಡಿ ಸೀಮೆಯು ನಿಂಬೆಯ ತೋಟಗಳಿಗೆ ಹೆಸರಾದುದು. ಇವುಗಳೊಡನೆ, ನಿಮ್ಮ ಗ್ರಾಮದ ಸುತ್ತಿನಲ್ಲಿ ಹತ್ತು ವರ್ಷ ಮೀರಿದ ಹಣ್ಣಿನ ತೋಟವಾವುದಾದರೂ ಇದ್ದರೆ ಅದನ್ನೂ ಸೇರಿಸಿಕೊಳ್ಳಿರಿ. ಒಂದೇ ಸ್ಥಳವನ್ನು ಆರಿಸಿಕೊಂಡು ವರ್ಷದಲ್ಲಿ ನಾಲ್ಕು ಸಾರಿ ನೋಡುವುದು, ನಾಲ್ಕು ಸ್ಥಳಗಳನ್ನು ಒಂದೊಂದು ಸಾರಿ ನೋಡುವುದಕ್ಕಿಂತ ಉತ್ತಮ.

ಮೊದಲನೆಯ ದರ್ಶನ, ವೈಶಾಖದಲ್ಲಿ. ಇದನ್ನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸತಕ್ಕದ್ದು. ಬಾವಿಯಲ್ಲಿ ಎಷ್ಟು ನೀರು ಉಳಿದಿದೆ, ಎಷ್ಟು ದಿನಕ್ಕೊಮ್ಮೆ ಗಿಡಕ್ಕೆ ನೀರು ಮುಟ್ಟುತ್ತದೆ, ಬೊಡ್ಡೆಯ ಸುತ್ತ ಹುಲ್ಲು ತರಗು ಹಾಸಿ ಬಿರುಕನ್ನು ತಡೆದಿರುವರೆ, ಎಳೆಯ ಗಿಡಕ್ಕೆ ನೆರಳು ಕಟ್ಟಿರುವರೆ ಎಂಬುದನ್ನು ನೋಡಿರಿ. ವೈಶಾಖದಲ್ಲಿ ಬದುಕಿರುವ ಗಿಡವೇ ನಮ್ಮ ಸೀಮೆಗೆ ಒಗ್ಗಿದ ಗಿಡ.

ಎರಡನೆಯದು, ಭಾದ್ರಪದದಲ್ಲಿ ದೊಡ್ಡ ಮಳೆ ಬಿದ್ದ ಮಾರನೆಯ ದಿನ. ನೀರು ಎಲ್ಲಿ ನಿಂತಿದೆ, ಬಸಿಗಾಲುವೆ ಯಾವ ಕಡೆಗೆ ಹರಿಯುತ್ತದೆ, ಗಿಡವನ್ನು ಏರುಮಣ್ಣಿನ ಮೇಲೆ ನೆಟ್ಟಿರುವರೆ, ಕಸಿಯ ಗಂಟು ಮಣ್ಣಿನಿಂದ ಮೇಲಿದೆಯೆ ಎಂಬುದು ಆಗ ಮಾತ್ರ ತಿಳಿಯುತ್ತದೆ. ನಿಂಬೆಯ ಜಾತಿಗೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಬೊಡ್ಡೆಯಿಂದ ಅಂಟು ಸೋರುವ ರೋಗ ಬರುತ್ತದೆ.

ಮೂರನೆಯದು, ಮಾರ್ಗಶಿರದಲ್ಲಿ. ತೊಗರಿಯು ಹೂ ಬಿಟ್ಟು ಕಾಯಿ ಕಟ್ಟುವ ಈ ಕಾಲದಲ್ಲಿ ಸೊರಗು ರೋಗವು ಚೆನ್ನಾಗಿ ಗೊತ್ತಾಗುತ್ತದೆ. ಸಂಶೋಧನಾ ಕೇಂದ್ರದ ಹೊಲದಲ್ಲಿ ಹಲವು ತಳಿಗಳನ್ನು ಪಕ್ಕಪಕ್ಕದಲ್ಲಿ ಬಿತ್ತಿರುವುದನ್ನು ನೋಡಿದರೆ, ಯಾವುದು ನಿಂತಿದೆ, ಯಾವುದು ಒಣಗಿದೆ ಎಂಬುದಕ್ಕೆ ಉಪನ್ಯಾಸ ಬೇಕಾಗುವುದಿಲ್ಲ. ಬಿತ್ತನೆಯ ಹೊತ್ತಿನಲ್ಲಿ ಹೋದರೆ ಎಲ್ಲ ಸಾಲುಗಳೂ ಒಂದೇ ಬಗೆಯಾಗಿ ಹಸುರಾಗಿರುತ್ತವೆ.

ನಾಲ್ಕನೆಯದು, ಮಾಘದಲ್ಲಿ. ಮಾವು ಹೂ ಬಿಡುವ ಕಾಲವಿದು. ಹೂಗೊಂಚಲನ್ನು ಬರಿದೆ ನೋಡಿ ಹಿಂದಿರುಗಬಾರದು; ಅದರಲ್ಲಿ ಜಿಗಿಹುಳು ಇದೆಯೆ, ಬೂದಿರೋಗ ಹತ್ತಿದೆಯೆ ಎಂದು ಪರೀಕ್ಷಿಸಬೇಕು. ಹೂವು ಎಷ್ಟೇ ಬಿಟ್ಟರೂ ಕಾಯಿಯಾಗಿ ನಿಲ್ಲುವುದು ಸ್ವಲ್ಪವೇ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

7. ತಿಳಿದವನ ಜೊತೆ ಅವಶ್ಯ

ಕಣ್ಣಿಗೆ ಕಂಡುದೆಲ್ಲ ತನ್ನಷ್ಟಕ್ಕೆ ಅರ್ಥವಾಗುವುದಿಲ್ಲ. ದೃಷ್ಟಾಂತವಾಗಿ ನಿಂಬೆಯ ತೋಟವನ್ನು ತೆಗೆದುಕೊಳ್ಳಿರಿ. ಬೇಕಾದ ಕಾಲಕ್ಕೆ ಹೂ ಬಿಡಿಸುವುದಕ್ಕಾಗಿ ಅನುಭವಸ್ಥರು ಕೆಲವು ವಾರ ನೀರನ್ನು ನಿಲ್ಲಿಸಿ, ಎಲೆ ಬಾಡಿ ಸ್ವಲ್ಪ ಉದುರುವವರೆಗೆ ಬಿಟ್ಟು, ಆಮೇಲೆ ಗೊಬ್ಬರ ಹಾಕಿ ನೀರು ಕೊಡುತ್ತಾರೆ. ಇದನ್ನು ಬಹಾರ ಹಿಡಿಯುವುದೆಂದು ಕರೆಯುತ್ತಾರೆ. ಆ ವಾರಗಳಲ್ಲಿ ಹೋದವನು ಬಾಡಿದ ಎಲೆಗಳನ್ನು ಕಂಡು, ಒಡೆಯನು ಆಲಸಿಯೆಂದು ತಿಳಿದು ಹಿಂದಿರುಗಬಹುದು. ಅಥವಾ ‘ನೀರು ನಿಲ್ಲಿಸಿದರೆ ನಿಂಬೆ ಹೂ ಬಿಡುತ್ತದೆ’ ಎಂಬ ಅರ್ಧ ಮಾತನ್ನು ಮಾತ್ರ ಕೇಳಿಕೊಂಡು, ತನ್ನ ಎಳೆಯ ಗಿಡಗಳಿಗೆ ನೀರು ನಿಲ್ಲಿಸಿ ಅವುಗಳನ್ನು ಕೊಲ್ಲಬಹುದು. ಎಷ್ಟು ವಯಸ್ಸಿನ ಮರಕ್ಕೆ, ಯಾವ ಮಣ್ಣಿನಲ್ಲಿ, ಎಷ್ಟು ದಿನ ಎಂಬುದನ್ನು ಆ ತೋಟದ ಒಡೆಯನೋ ಇಲಾಖೆಯ ಅಧಿಕಾರಿಯೋ ಎದುರಿಗೆ ನಿಂತು ಹೇಳಿದರೆ ಮಾತ್ರ ಅದು ವಿದ್ಯೆಯಾಗುತ್ತದೆ.

ಗುಂಪನ್ನು ಕರೆದೊಯ್ಯುವ ಮುಖಂಡರು ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಒಳ್ಳೆಯದು.

(ಅ) ಗುಂಪಿನಲ್ಲಿ 15 ಜನರಿಗಿಂತ ಹೆಚ್ಚಿರಬಾರದು. ಹಿಂದಿನ ಸಾಲಿನವರಿಗೆ ಮಾತು ಕೇಳಿಸಬೇಕು.
(ಆ) ಹೊಲದ ಒಡೆಯರ ಜೊತೆಗೆ ನೀರು ಕಟ್ಟುವ ಆಳುಗಳನ್ನೂ, ಕಳೆ ತೆಗೆದು ಬೆಳೆ ನೋಡಿಕೊಳ್ಳುವ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಗಿಡವನ್ನು ದಿನವೂ ಕಾಣುವವರು ಅವರೇ.
(ಇ) ಮುಂಚಿತವಾಗಿ ತಿಳಿಸಿ ಹೋಗಬೇಕು. ಅನುಮತಿಯಿಲ್ಲದೆ ಕಾಯಿ ಕೀಳುವುದು, ಕಡ್ಡಿ ಮುರಿಯುವುದು, ಪಾತಿ ತುಳಿಯುವುದು ಕೂಡದು.
(ಈ) ಓದುಬರಹ ಬಲ್ಲ ಒಬ್ಬ ಹುಡುಗನು ತಾರೀಖು, ನೀರಿನ ಮಟ್ಟ, ಸತ್ತ ಗಿಡಗಳ ಸಂಖ್ಯೆ, ಖರ್ಚು, ಮಾರಿದ ಬೆಲೆ ಇವುಗಳನ್ನು ಪುಸ್ತಕದಲ್ಲಿ ಬರೆಯಬೇಕು.
(ಉ) ಊರಿಗೆ ಬಂದ ವಾರದೊಳಗೆ ಚಾವಡಿಯಲ್ಲಿಯೋ ಗುಡಿಯ ಕಟ್ಟೆಯಲ್ಲಿಯೋ ಎಲ್ಲರನ್ನೂ ಕೂಡಿಸಿ, ಕಂಡುದನ್ನು ಓದಿ ಹೇಳಬೇಕು.
(ಊ) ನಾಲ್ಕು ದರ್ಶನಗಳೂ ಮುಗಿಯುವವರೆಗೆ ಯಾರೂ ದೊಡ್ಡ ಪ್ರಮಾಣದಲ್ಲಿ ಸಸಿಗಳನ್ನು ಕೊಳ್ಳಬಾರದು. ಆ ಮೇಲೆಯೂ ಮೊದಲ ವರ್ಷ ಹತ್ತಿಪ್ಪತ್ತು ಗಿಡಗಳಿಂದಲೇ ಆರಂಭಿಸುವುದು ಕ್ಷೇಮ.

ಈ ಕೆಲಸದಲ್ಲಿ ಮುಖಂಡರ ಹೊಣೆಯು ದೊಡ್ಡದು. ಹತ್ತು ಎಕರೆಯವನು ಒಂದು ಎಕರೆಯ ನಷ್ಟವನ್ನು ತಾಳಿಕೊಂಡಾನು. ಎರಡು ಎಕರೆಯವನಿಗೆ ಅದೇ ನಷ್ಟವು ಸಾಲವಾಗಿ ಪರಿಣಮಿಸುತ್ತದೆ. ಅವನು ಸಾಮಾನ್ಯವಾಗಿ ನೋಡುವುದು ದೊಡ್ಡವರ ಹೊಲವನ್ನು, ಕೇಳುವುದು ಊರ ಹಿರಿಯರ ಮಾತನ್ನು. ಆದುದರಿಂದ ಹಿರಿಯರು ತಮ್ಮ ತೋಟವನ್ನು ಇತರರಿಗೆ ತೋರಿಸುವಾಗಲೂ ಫಲ ತುಂಬಿದ ದಿನ ಮಾತ್ರ ಕರೆಯದೆ, ಬೇಸಿಗೆಯ ಮಧ್ಯದಲ್ಲಿಯೂ ಕರೆದು, ಸತ್ತ ಗಿಡದ ಕುಣಿಯನ್ನೂ ಖರ್ಚಿನ ಲೆಕ್ಕವನ್ನೂ ಮರೆಮಾಚದೆ ತೋರಿಸುವುದು ಧರ್ಮ.

ಅಭ್ಯಾಸಕ್ಕಾಗಿ ಪ್ರಶ್ನೆಗಳು
(ಇವುಗಳನ್ನು ಗ್ರಾಮಸಭೆಯಲ್ಲಿ ಓದಿ ಚರ್ಚಿಸಬಹುದು.)

1. ನಿಮ್ಮ ಬಾವಿಯಲ್ಲಿ ವೈಶಾಖ ಮಾಸದ ಕೊನೆಯಲ್ಲಿ ಎಷ್ಟು ಅಡಿ ನೀರಿರುತ್ತದೆ? ಆ ನೀರಿನಿಂದ ಎಷ್ಟು ಗಿಡಗಳು ಬದುಕಬಲ್ಲವು?
2. ದೊಡ್ಡ ಮಳೆಯಾದ ಮೇಲೆ ನಿಮ್ಮ ಹೊಲದಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ?
3. ನಿಮ್ಮ ಸುತ್ತಿನಲ್ಲಿ ಹತ್ತು ವರ್ಷದಿಂದ ನಿಂತಿರುವ ಹಣ್ಣಿನ ಮರಗಳು ಯಾವುವು? ನೆಟ್ಟು ಸತ್ತುಹೋದುವು ಯಾವುವು, ಯಾವ ತಿಂಗಳಿನಲ್ಲಿ?
4. ಹಿಮೇಜಿಯವರು ಚಾಪೆಯನ್ನು ಬಿಚ್ಚಿ ನೋಡಿದಂತೆ, ನಿಮ್ಮ ಊರಿನ ಯಾವ ರೂಢಿಯನ್ನು ಪರೀಕ್ಷಿಸಿ ನೋಡುವುದು ಯೋಗ್ಯ?
5. ಬರುವ ಬೇಸಿಗೆಯಲ್ಲಿ ನಿಮ್ಮ ಗ್ರಾಮದಿಂದ ಮೊದಲನೆಯ ದರ್ಶನಕ್ಕೆ ಹೊರಡತಕ್ಕವರು ಯಾರು?